ಸರಿಯಾದಾಗ ಅದೇ ಹೇಳಬೇಕು

ಅವರು ತೀರಿಕೊಂಡದ್ದು ನನಗೆ ಗೊತ್ತಾದದ್ದು ಹದಿನೈದು ದಿನ ತಡವಾಗಿ. ನಮ್ಮ ಫೋಟೋಗ್ರಫಿ ಕ್ಲಬ್ಬಿನ ಭಾನುವಾರದ ಸಭೆಯಲ್ಲಿ ಎಲ್ಲರೂ ಕಾಫಿಗೆ ಎದ್ದಾಗ ಒಬ್ಬರು ಬೋಂಡಾ ಮುರಿಯುತ್ತಾ ಹೇಳಿದರು: "ಟೂಲ್‌ರೂಮ್ ಸಾರ್ ಹೋಗ್ಬಿಟ್ರಂತೆ ಕಣ್ರೀ. ಹಾರ್ಟು. ನಿಮಗೆ ಕ್ಲೋಸ್ ಇದ್ರಲ್ವಾ?"

ಎರಡು ವರ್ಷದಿಂದ ನಾನು ಅವರ ಮೇಲೆ ಮುನಿಸಿಕೊಂಡಿದ್ದೆ. ಕ್ಯಾಮೆರಾ ಕೊಳ್ಳುವ ತನಕ ವಾರಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದ ಮನುಷ್ಯ ಕೊಂಡ ಮೇಲೆ ಒಂದೇ ಸಲ ಫೋನ್ ಮಾಡಿ, ಆಮೇಲೆ ನನ್ನ ಕಡೆ ತಲೆ ಹಾಕಿರಲಿಲ್ಲ. ಕ್ಲಬ್ಬಿಗೂ ಬರುವುದು ಬಿಟ್ಟಿದ್ದರು. ಕೆಲಸ ಆಯಿತು, ಮರೆತರು ಎಂದುಕೊಂಡಿದ್ದೆ. ನಾಲ್ಕು ಜನರ ಮುಂದೆ ಹಾಗೆ ಆಡಿಕೊಂಡೂ ಇದ್ದೆ.

ಈಗ ಗೊತ್ತಾಗಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಅವರ ಕಣ್ಣು ಹೋಗುತ್ತಿತ್ತು. ಕಣ್ಣಿನ ಹಿಂದಿನ ಪರದೆಯ ನಟ್ಟನಡುವಿನ ಭಾಗ ಸವೆಯುವ ಕಾಯಿಲೆ. ಅಂಚು ಉಳಿಯುತ್ತದೆ, ನಡು ಹೋಗುತ್ತದೆ. ಎದುರಿಗೆ ಕೂತವರ ಕಿವಿ ಕಾಣುತ್ತದೆ, ಕೂದಲು ಕಾಣುತ್ತದೆ, ಭುಜ ಕಾಣುತ್ತದೆ. ಮುಖ ಇರಬೇಕಾದ ಜಾಗದಲ್ಲಿ ಬೂದು ಬಣ್ಣದ ಮಚ್ಚೆಯೊಂದು ಕೂತಿರುತ್ತದೆ, ತಿಂಗಳಿಂದ ತಿಂಗಳಿಗೆ ಅಗಲವಾಗುತ್ತದೆ. ಅದು ಪೂರ್ತಿ ಮುಚ್ಚಿಕೊಳ್ಳುವುದರೊಳಗೆ ತಮ್ಮ ಹೆಂಡತಿಯ ಒಂದು ಫೋಟೋವನ್ನು ತಾವೇ ತೆಗೆದು, ದೊಡ್ಡದು ಮಾಡಿಸಿ, ನೋಡಬೇಕು ಎಂಬುದು ಅವರಿಗೆ ಉಳಿದಿದ್ದ ಒಂದೇ ಆಸೆ. ಅದಕ್ಕೊಂದು ಕ್ಯಾಮೆರಾ ಬೇಕಿತ್ತು. ಅದನ್ನು ಆರಿಸಿಕೊಡುವ ಕೆಲಸವನ್ನು ಅವರು ನನಗೆ ಒಪ್ಪಿಸಿದರು. ಕಣ್ಣಿನ ವಿಷಯ ಮಾತ್ರ ಹೇಳಲಿಲ್ಲ.

ನನಗೆ ಗೊತ್ತಾಗಬೇಕಿತ್ತು. ಎಷ್ಟು ಸಲ ಯೋಚಿಸಿದರೂ ಅಲ್ಲಿಗೇ ಬಂದು ನಿಲ್ಲುತ್ತೇನೆ.

ನಮ್ಮ ಕ್ಲಬ್ಬು ಸೇರುತ್ತಿದ್ದದ್ದು ಬಸವೇಶ್ವರನಗರದ ಒಂದು ಶಾಲೆಯ ಕೊಠಡಿಯಲ್ಲಿ. ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿಕೊಂಡು ಕೂರುತ್ತಿದ್ದ ಹದಿನೆಂಟು ಇಪ್ಪತ್ತು ಜನ ಹವ್ಯಾಸಿಗಳು. ನಾನು ರಾಜಾಜಿನಗರದ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತ. ತೆಗೆದ ಫೋಟೋಗಳು ಅಷ್ಟಕ್ಕಷ್ಟೆ, ಆದರೆ ಕ್ಯಾಮೆರಾಗಳ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಓದಿ ಓದಿ ತಲೆ ತುಂಬಿಸಿಕೊಂಡಿದ್ದೆ. ಕ್ಲಬ್ಬಿನಲ್ಲಿ ಯಾರೇ ಕ್ಯಾಮೆರಾ ಕೊಳ್ಳಲಿ, ನನ್ನನ್ನು ಕೇಳದೆ ಕೊಳ್ಳುತ್ತಿರಲಿಲ್ಲ. ಅಪ್ಪಿತಪ್ಪಿ ಕೇಳದೆ ಕೊಂಡವರ ಕ್ಯಾಮೆರಾದಲ್ಲಿ ನಾನು ಏನಾದರೊಂದು ಕೊರತೆ ಹುಡುಕಿ ಹೇಳುತ್ತಿದ್ದೆ.

ಅವರು ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷದ ಮೇಲೆ ಟೂಲ್‌ರೂಮಿನಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವ ಇನ್‌ಸ್ಪೆಕ್ಟರ್ ಆಗಿದ್ದವರು. ದಾವಣಗೆರೆ ಕಡೆಯವರು. ಸಣಕಲು ಮೈ, ಹಣೆಯ ಮೇಲೆ ತೆಳ್ಳನೆಯ ವಿಭೂತಿ, ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಸದಾ ಒಂದು ಸ್ಟೀಲ್ ಸ್ಕೇಲು. ಒಮ್ಮೆ ಸ್ಪರ್ಧೆಗೆ ಬಂದ ತೀರ್ಪುಗಾರರು ಅವರ ಫೋಟೋ ನೋಡಿ ಅಂಚು ಒಂದು ಕಡೆ ಹೆಚ್ಚಾಯಿತಲ್ಲ ಎಂದಾಗ, ಎದ್ದು ಹೋಗಿ ಸ್ಕೇಲು ಇಟ್ಟು ನಾಲ್ಕೂ ಕಡೆ ಅಳೆದು, "ಅರ್ಧ ಮಿಲಿಮೀಟರ್ ಸಾರ್. ನೀವು ಹೇಳಿದ್ದೇ ಸರಿ. ನಮ್ಮ ಕಾರ್ಖಾನೇಲಿ ಆಗಿದ್ರೆ ನಾನೇ ರಿಜೆಕ್ಟ್ ಮಾಡ್ತಿದ್ದೆ," ಎಂದು ಫೋಟೋವನ್ನು ಗೋಡೆಯಿಂದ ಇಳಿಸಿಕೊಂಡು ಬಂದು ಕೂತಿದ್ದರು. ತೀರ್ಪುಗಾರರು ಬೇಡ ಬೇಡ ಎಂದರೂ ಕೇಳಲಿಲ್ಲ.

ವಯಸ್ಸಿನಲ್ಲಿ ನನಗಿಂತ ಇಪ್ಪತ್ತೈದು ವರ್ಷ ಹಿರಿಯರು. ಆದರೂ ನನ್ನನ್ನು 'ಗುರುಗಳೇ' ಎನ್ನುತ್ತಿದ್ದರು. ಮೊದಲು ಅದು ತಮಾಷೆ. ಆಮೇಲೆ ಅಭ್ಯಾಸವಾಯಿತು. ನನಗೂ ಹಿತವಾಗಿಯೇ ಇತ್ತು, ಸುಳ್ಳೇಕೆ ಹೇಳಲಿ.

ಒಂದು ಸಲ ಕ್ಲಬ್ಬಿಗೆ ತಮ್ಮ ಮೈಕ್ರೋಮೀಟರ್ ತಂದಿದ್ದರು. ಕೂದಲೆಳೆಯ ದಪ್ಪವನ್ನೂ ಅಳೆಯುವ ಉಪಕರಣ ಅದು. ನನ್ನ ತಲೆಯಿಂದಲೇ ಒಂದು ಕೂದಲು ಕಿತ್ತು, ಅದರ ಬಾಯಿಗೆ ಇಟ್ಟು, ಹಿಂದಿನ ತಿರುಪನ್ನು ಎರಡು ಬೆರಳಲ್ಲಿ ಮೆಲ್ಲಗೆ ತಿರುಗಿಸುತ್ತಾ ಹೋದರು. ಒಂದು ಕಡೆ ಬಂದಾಗ ಅದು 'ಟಿರ್ ಟಿರ್' ಎಂದಿತು. ಕೈ ಬಿಟ್ಟರು.

"ನೋಡಿದ್ರಾ ಗುರುಗಳೇ? ಇದಕ್ಕಿಂತ ಜಾಸ್ತಿ ಬಲ ಹಾಕ್ಬಾರ್ದು. ನಮ್ಮ ಕಣ್ಣು ಮೋಸ ಮಾಡುತ್ತೆ, ಕೈ ಮೋಸ ಮಾಡುತ್ತೆ. ಒಳ್ಳೇ ಉಪಕರಣ ಅಂದ್ರೆ ಸರಿಯಾದಾಗ ಅದೇ ಹೇಳಬೇಕು. ಇಲ್ಲಾ ಅಂದ್ರೆ ಅದು ಬರೀ ಕಬ್ಬಿಣ."

ಈ ಮಾತನ್ನು ಅವರು ಪ್ರೆಶರ್ ಕುಕ್ಕರಿನ ಬಗ್ಗೆಯೂ ಹೇಳುತ್ತಿದ್ದರು, ಕ್ಲಬ್ಬಿನ ಕಾರ್ಯದರ್ಶಿಯ ಬಗ್ಗೆಯೂ ಹೇಳುತ್ತಿದ್ದರು. ನಾವು ನಗುತ್ತಿದ್ದೆವು.

ಅವರ ಹತ್ತಿರ ಇದ್ದದ್ದು ಒಂದು ಹಳೆಯ ರೀಲು ಕ್ಯಾಮೆರಾ, ಅದಕ್ಕೊಂದೇ ಲೆನ್ಸು. ಆ ಲೆನ್ಸಿನ ರಿಂಗನ್ನು ಅವರು ತಿರುಗಿಸುವುದು ನೋಡಬೇಕು, ವೀಣೆಯ ಬಿರಡೆ ತಿರುಗಿಸಿದ ಹಾಗೆ. ಹೇರೋಹಳ್ಳಿಯ ಕಡೆ ಸೈಟುಗಳ ಕಲ್ಲು ನೆಟ್ಟು ರಸ್ತೆ ಇನ್ನೂ ಮಣ್ಣಾಗಿದ್ದ ದಿನಗಳಲ್ಲಿ, ಸೈಕಲ್ಲು ತುಳಿದುಕೊಂಡು ಹೋಗಿ ಅಲ್ಲಿನ ಹಳಬರ ಮುಖಗಳನ್ನು ತೆಗೆಯುತ್ತಿದ್ದರು. ಎಮ್ಮೆ ಕಾಯುವ ಮುದುಕ, ಕಡ್ಡಿಪುಡಿ ಹಾಕುವ ಅಜ್ಜಿ. ಅವರ ಗೋಡೆಯಲ್ಲಿ ಅಂಥ ಮುಖಗಳು ಹನ್ನೆರಡೋ ಹದಿಮೂರೋ ಇದ್ದವು. ಹೆಂಡತಿಯದು ಒಂದೂ ಇರಲಿಲ್ಲ.

"ಮೂವತ್ತಾರು ಫೋಟೋ ಒಂದು ರೀಲಿಗೆ," ಎನ್ನುತ್ತಿದ್ದರು. "ಎರಡು ತಿಂಗಳು ಬರ್ಬೇಕು. ಅದನ್ನ ಮನೆಯವರ ಮೇಲೆ ಸುಡೋಕಾಗುತ್ತಾ? ಅವಳು ದಿನಾ ಮನೇಲೇ ಇರ್ತಾಳಲ್ಲ."

ಅವರ ಹೆಂಡತಿ, ನಾನು ಆಂಟಿ ಎನ್ನುತ್ತಿದ್ದವರು, ಅಡುಗೆಮನೆಯಿಂದಲೇ ಉತ್ತರ ಕೊಡುತ್ತಿದ್ದರು. "ದಿನಾ ನನ್ನ ಮುಂದೆ ಕ್ಯಾಮೆರಾ ಹಿಡ್ಕೊಂಡು ನಿಲ್ತಾರಪ್ಪ. ಅದ್ರಲ್ಲಿ ರೀಲೇ ಇರಲ್ಲ. ಕೈ ಪಳಗ್ಲಿ ಅಂತ ನನ್ನ ಮೇಲೆ ಆಟ. ಒಂದಿನ ಗೊತ್ತಿಲ್ದೆ ಸೀರೆ ಸರಿ ಮಾಡ್ಕೊಂಡು ನಿಂತ್ಬಿಟ್ಟಿದ್ದೆ!"

ಮೂವರೂ ನಕ್ಕಿದ್ದೆವು. ಅವತ್ತು ಅದು ನಗುವ ಮಾತೇ ಆಗಿತ್ತು.

ಅವರು ನಿವೃತ್ತರಾದ ವರ್ಷ, ಯುಗಾದಿ ಕಳೆದ ಮೇಲೊಂದು ಭಾನುವಾರ ಬೆಳಗ್ಗೆ, ವಿಜಯನಗರದ ನಮ್ಮ ಮನೆಗೆ ಬಂದರು. ಡಿಜಿಟಲ್ ಕ್ಯಾಮೆರಾಗಳು ನಮ್ಮಂಥವರ ಕೈಗೂ ಎಟುಕತೊಡಗಿದ್ದ ಕಾಲ ಅದು. ಕುರ್ಚಿಯಲ್ಲಿ ಕೂತು, ಕತ್ತನ್ನು ಎಡಕ್ಕೆ ವಾಲಿಸಿ, ಓರೆಗಣ್ಣಿನಿಂದ ನನ್ನನ್ನು ನೋಡಿದರು. ಕೋಳಿ ಕಾಳನ್ನು ನೋಡುವ ಹಾಗೆ. ಕೆಲವು ತಿಂಗಳಿಂದ ಅವರಿಗೆ ಈ ಚಾಳಿ ಹತ್ತಿತ್ತು. ನಿವೃತ್ತಿಯ ಗತ್ತು ಎಂದು ನಾವು ಹಿಂದಿನಿಂದ ಅನುಕರಿಸಿ ತೋರಿಸುತ್ತಿದ್ದೆವು.

"ಡಿಜಿಟಲ್ ತಗೋಬೇಕು ಗುರುಗಳೇ. ರೀಲು ಬೇಡ, ಎಷ್ಟು ಬೇಕಾದ್ರೂ ತೆಗೀಬಹುದು, ಸರಿಯಾಗೋ ತನಕ ತೆಗೀಬಹುದು. ಹೌದಲ್ಲ? ಯಾವುದು ತಗೊಳ್ಳಿ? ಈ ವಾರಾನೇ ತಗೊಂಡ್ಬಿಡೋಣ."

ಈ ವಾರವಂತೆ! ಕ್ಯಾಮೆರಾ ಆರಿಸುವುದೆಂದರೆ ಹೆಣ್ಣು ನೋಡಿ ಒಪ್ಪಿಸುವುದಕ್ಕಿಂತ ದೊಡ್ಡ ಕೆಲಸ ಎಂದು ನಂಬಿದ್ದವನು ನಾನು. ಕಾಗದ ತೆಗೆದು ಗೆರೆ ಎಳೆದು ಕೂತೆ. ಅವರ ಹಳೆಯ ಲೆನ್ಸು ಬಂಗಾರದಂಥದ್ದು, ಅದನ್ನು ಬಿಡಬಾರದು. ಲೆನ್ಸಿಲ್ಲದ ಕ್ಯಾಮೆರಾ, ಅಂದರೆ ಬಾಡಿ ಮಾತ್ರ ಕೊಂಡರೆ ಸಾಕು. ಆ ಲೆನ್ಸನ್ನು ಹಿಡಿಯುವ ಬಾಡಿಗಳು ಎರಡು. ಒಂದು ಚಿಕ್ಕದು, ಅಂಗಡಿಯಲ್ಲಿ ಸಿಗುತ್ತಿತ್ತು. ಇನ್ನೊಂದು ದೊಡ್ಡದು, ಇನ್ನೇನು ಬರಲಿದೆ ಎಂದು ಇಂಟರ್‌ನೆಟ್ಟಿನಲ್ಲಿ ಗುಲ್ಲೆದ್ದಿತ್ತು.

ಚಿಕ್ಕದನ್ನು ನೋಡಲು ಅವರನ್ನು ರಾಜಾಜಿನಗರದ ಒಂದು ಅಂಗಡಿಗೆ ಕರೆದುಕೊಂಡು ಹೋದೆ. ತಮ್ಮ ಲೆನ್ಸನ್ನು ಕರ್ಚೀಫಿನಲ್ಲಿ ಸುತ್ತಿ ತಂದಿದ್ದರು. ಆ ಲೆನ್ಸಿಗೆ ತಾನಾಗಿ ಫೋಕಸ್ ಮಾಡಿಕೊಳ್ಳಲು ಬಾರದು, ರಿಂಗನ್ನು ಕೈಯಲ್ಲೇ ತಿರುಗಿಸಬೇಕು. ಆದರೆ ಈ ಹೊಸ ಬಾಡಿಗೆ ಅದನ್ನು ಹಾಕಿ, ಗುಂಡಿಯನ್ನು ಅರ್ಧ ಒತ್ತಿ ಹಿಡಿದು ತಿರುಗಿಸುತ್ತಾ ಹೋದರೆ, ಚಿತ್ರ ಸ್ಪಷ್ಟವಾಗುವ ಕ್ಷಣಕ್ಕೆ ಸರಿಯಾಗಿ ಒಳಗಿಂದ 'ಪೀಪ್' ಎಂದು ಒಂದು ಸದ್ದು ಬರುತ್ತದೆ. ಅದನ್ನು ಕೇಳಿದ ತಕ್ಷಣ ಅವರ ಕೈ ನಿಂತಿತು.

"ಏನದು?"

"ಫೋಕಸ್ ಸರಿಯಾಯ್ತು ಅಂತ ಹೇಳುತ್ತೆ ಸಾರ್."

"ಅದೇ ಹೇಳುತ್ತಾ?"

ಮತ್ತೆ ತಿರುಗಿಸಿದರು. ಪೀಪ್. ಬಾಗಿಲ ಕಡೆ ಹಿಡಿದರು. ಪೀಪ್. ನನ್ನ ಕಡೆ ಹಿಡಿದರು. ಹನ್ನೊಂದು ಸಲ ಎಣಿಸಿದೆ. ಅಂಗಡಿಯವರು ಮುಖ ಸಿಂಡರಿಸತೊಡಗಿದರು. ಇವರ ಮುಖದಲ್ಲಿ ಮಾತ್ರ, ಕಳೆದುಹೋದ ಚಪ್ಪಲಿ ಸಿಕ್ಕಿದ ಹಾಗೆ, ಒಂದು ನೆಮ್ಮದಿ. "ಇದೇ ಇರ್ಲಿ ಗುರುಗಳೇ. ಇದನ್ನೇ ಕಟ್ಟಿಸ್ಬಿಡೋಣ," ಎಂದರು.

"ಅವಸರ ಬೇಡ ಸಾರ್," ಎಂದೆ. "ದೊಡ್ಡದು ಬರುತ್ತೆ, ಅದನ್ನೂ ನೋಡೋಣ."

"ಇದ್ರಲ್ಲಿ ತೆಗೆದಿದ್ದನ್ನ ಎಷ್ಟು ದೊಡ್ಡ ಪ್ರಿಂಟ್ ಹಾಕಿಸ್ಬಹುದು?"

"ಒಂದು ಕ್ಯಾಲೆಂಡರ್‌ನಷ್ಟು."

"ಬರೋದ್ರಲ್ಲಿ?"

"ಬಾಗಿಲಷ್ಟು!" ಎಂದೆ. ನಿಜ ಹೇಳಬೇಕೆಂದರೆ ಎರಡರ ನಡುವೆ ಅಷ್ಟೊಂದು ವ್ಯತ್ಯಾಸವೇನೂ ಇರಲಿಲ್ಲ. ಮಾತಿನ ಭರದಲ್ಲಿ ಬಂದ ಬಾಗಿಲು ಅದು.

ಅವರು ಲೆನ್ಸು ಬಿಚ್ಚಿ ಮತ್ತೆ ಕರ್ಚೀಫಿನಲ್ಲಿ ಸುತ್ತಿಕೊಂಡರು. "ಬಾಗಿಲಷ್ಟು ಅಂದ್ರೆ, ಹತ್ರ ನಿಂತ್ಕೊಂಡ್ರೆ ಮುಖದ ಒಂದೊಂದು ಭಾಗಾನೂ ದೊಡ್ಡದಾಗಿ ಕಾಣುತ್ತೆ, ಅಲ್ವಾ? ಹಾಗಾದ್ರೆ ಕಾಯೋಣ."

ಹೀಗೆ ಅವರನ್ನು ಕಾಯಲು ಕೂರಿಸಿದವನು ನಾನು.

ನಮ್ಮಂಥ ಕ್ಯಾಮೆರಾ ಹುಚ್ಚರ ಚಟ ಅದು. ಇವತ್ತು ಇರುವ ಕ್ಯಾಮೆರಾದಲ್ಲಿ ಫೋಟೋ ತೆಗೆಯುವುದಿಲ್ಲ, ನಾಳೆ ಬರುವ ಕ್ಯಾಮೆರಾದ ಬಗ್ಗೆ ಮಾತಾಡುತ್ತೇವೆ. ನನಗೆ ಅದು ಸುಖದ ಮಾತು. ಅವರಿಗೆ ಪ್ರತಿ ತಿಂಗಳೂ ಆ ಬೂದು ಮಚ್ಚೆ ಒಂದು ಸುತ್ತು ಬೆಳೆಯುತ್ತಿತ್ತು. ಆಷಾಢದಲ್ಲಿ ಬರುತ್ತದೆ ಎಂದೆ, ಬರಲಿಲ್ಲ. ಗಣೇಶನ ಹಬ್ಬಕ್ಕೆ ಬರುತ್ತದೆ ಎಂದೆ. ದಸರಾಕ್ಕೆ ಖಂಡಿತ ಎಂದೆ. ಅವರ ಫೋನು ಬರುತ್ತಲೇ ಇತ್ತು. "ಬಂತಾ ಗುರುಗಳೇ?" ಅಷ್ಟೇ ಮಾತು. ಇಲ್ಲ ಎಂದರೆ ಇಟ್ಟುಬಿಡುತ್ತಿದ್ದರು.

ದಸರಾಕ್ಕೆ ಸ್ವಲ್ಪ ಮುಂಚೆ ನನ್ನ ಕಚೇರಿಗೇ ಬಂದರು. ಬಂದವರು ನನ್ನ ಪಕ್ಕದ ಮೇಜಿನವನ ಎದುರು ನಿಂತು, "ಗುರುಗಳೇ, ಇನ್ನು ಕಾಯೋದು ಬೇಡ, ಚಿಕ್ಕದೇ ತಗೊಂಡ್ಬಿಡ್ತೀನಿ," ಎಂದರು. ಅವನು ಕಕ್ಕಾಬಿಕ್ಕಿಯಾಗಿ ಅವರನ್ನೇ ನೋಡಿದ. ಇಡೀ ಕಚೇರಿ ನಕ್ಕಿತು. ನಾನೂ ನಕ್ಕೆ. ಆ ಭಾನುವಾರ ಕ್ಲಬ್ಬಿನಲ್ಲೂ ಅಭಿನಯಿಸಿ ತೋರಿಸಿದೆ. ನನ್ನಷ್ಟೇ ಎತ್ತರದ, ನನ್ನ ಹಾಗೆಯೇ ಗಡ್ಡ ಬಿಟ್ಟ ಅವನ ಮುಖ ಅವರಿಗೆ ಕಂಡಿರಲೇ ಇಲ್ಲ ಎಂದು ಈಗ ಗೊತ್ತು.

ಅವರನ್ನು ಹೊರಗೆ ಟೀ ಅಂಗಡಿಗೆ ಕರೆದುಕೊಂಡು ಹೋಗಿ ಗದರಿದೆ. "ಆರು ತಿಂಗ್ಳು ಕಾದಿದೀರ. ಇನ್ನೊಂದು ತಿಂಗ್ಳು ಕಾಯಕ್ಕಾಗಲ್ವಾ ಸಾರ್? ಏನ್ ಅಂಥ ಅರ್ಜೆಂಟು? ಎಲ್ಲಿಗ್ ಓಡಿ ಹೋಗುತ್ತೆ?"

ಅವರು ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಓಡಿ ಹೋಗ್ತಾ ಇದೆಯಲ್ಲ," ಎಂದರು, ನನಗಲ್ಲ, ಲೋಟಕ್ಕೆ ಹೇಳಿದ ಹಾಗೆ. ಕಾಲ ಓಡಿ ಹೋಗುತ್ತದೆ, ವಯಸ್ಸಾಯಿತು ಎನ್ನುತ್ತಿದ್ದಾರೆ ಎಂದುಕೊಂಡೆ. ಸಮಾಧಾನಕ್ಕೆ ಇನ್ನೊಂದು ಬನ್ನು ಹೇಳಿದೆ.

ದೀಪಾವಳಿ ಆದ ಮೇಲೆ ದೊಡ್ಡದು ಬಂತು. ಇಬ್ಬರೂ ಹೋದೆವು. ಅಂಗಡಿಯವರು ಒಳ್ಳೆಯ ಮಾತನ್ನೇ ಹೇಳಿದರು: "ಇದ್ರ ಜೊತೆಗೆ ಬರೋ ಲೆನ್ಸೂ ತಗೊಳ್ಳಿ ಸಾರ್. ಫೋಕಸ್ ತಾನೇ ಮಾಡ್ಕೊಳುತ್ತೆ. ನೀವು ಒತ್ತಿದ್ರೆ ಸಾಕು."

ಅವರು ಆ ದನಿಯ ಕಡೆ ಕತ್ತು ತಿರುಗಿಸಿದರು. "ತಾನೇ ಮಾಡ್ಕೊಳುತ್ತಾ?"

"ಪ್ಲಾಸ್ಟಿಕ್ ಡಬ್ಬ ಸಾರ್ ಅದು," ಎಂದು ನಾನು ನಡುವೆ ಬಾಯಿ ಹಾಕಿದೆ. "ನಿಮ್ಮ ಲೆನ್ಸಿನ ಮುಂದೆ ಅದು ಕಸ. ಬಾಡಿ ಮಾತ್ರ ಕೊಡ್ರೀ."

ಬಾಡಿ ಮಾತ್ರ ಕೊಟ್ಟರು.

ಬಸವೇಶ್ವರನಗರದ ಅವರ ಮನೆಗೆ, ಮೊದಲ ಮಹಡಿಯ ಬಾಡಿಗೆ ಪೋರ್ಷನ್ನಿಗೆ, ಕ್ಯಾಮೆರಾ ಸಿದ್ಧಮಾಡಿ ಕೊಡಲು ನಾನೇ ಹೋದೆ. ಆಂಟಿ ಕಾಫಿ ಕೊಟ್ಟರು. ಹಜಾರದ ಒಂದು ಗೋಡೆ ಬೋಳಾಗಿತ್ತು. ಹೇರೋಹಳ್ಳಿಯ ಮುಖಗಳನ್ನೆಲ್ಲ ಇಳಿಸಿ ಒಂದೇ ಒಂದು ದೊಡ್ಡ ಮೊಳೆ ಹೊಡೆದಿದ್ದರು. ಎದುರಿಗೆ, ಕಿಟಕಿಯ ಬೆಳಕು ಬೀಳುವ ಕಡೆ, ಒಂದು ಕುರ್ಚಿ. ಸುಣ್ಣ ಬಳಿಸುತ್ತಾರೇನೋ ಎಂದುಕೊಂಡು ಕೇಳದೆ ಬಿಟ್ಟೆ.

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಮೆನು ತೆಗೆದು ಒಂದೊಂದನ್ನೇ ಹೊಂದಿಸುತ್ತಾ ಹೋದೆ. ಗಡಿಯಾರ, ದಿನಾಂಕ, ಚಿತ್ರದ ಗಾತ್ರ. ಸದ್ದು ಎನ್ನುವ ಕಡೆ ಬಂದಾಗ, ಕೇಳದೆಯೇ, ನಿಲ್ಲಿಸಿದೆ.

"ಪೀಪ್ ಅನ್ನೋದನ್ನ ತೆಗೆದ್ಬಿಟ್ಟೆ ಸಾರ್."

"ಅದು ಇರ್ಲಿ ಬಿಡಿ ಗುರುಗಳೇ." ದನಿ ಸ್ವಲ್ಪ ಏರಿತ್ತು.

"ಅಯ್ಯೋ, ಅದು ಹೊಸಬರಿಗೆ ಸಾರ್, ನಿಮ್ಮಂಥೋರಿಗಲ್ಲ. ಕ್ಯಾಮೆರಾ ಕೈಗೆ ಬಂದ ತಕ್ಷಣ ಅದನ್ನ ತೆಗೆಯೋದೇ ಮೊದಲ ಕೆಲಸ. ಕ್ಲಬ್ಬಲ್ಲಿ ಪೀಪ್ ಪೀಪ್ ಅನ್ನಿಸ್ಕೊಂಡು ಕೂತ್ರೆ ನಗ್ತಾರೆ."

ಅವರು ಆಂಟಿಯ ಕಡೆ ತಿರುಗಿದರು. "ಹೌದಾ," ಎಂದರು. "ಸರಿ ಹಾಗಾದ್ರೆ."

ಅವತ್ತು ಹೇಳಿಬಿಟ್ಟಿದ್ದರೆ! ಆದರೆ ಹೇಗೆ ಹೇಳಿಯಾರು? ಅರ್ಧ ಮಿಲಿಮೀಟರಿಗೆ ತನ್ನ ಫೋಟೋವನ್ನು ತಾನೇ ಗೋಡೆಯಿಂದ ಇಳಿಸಿದ ಮನುಷ್ಯ. ನನಗೆ ಮುಖ ಕಾಣುವುದಿಲ್ಲ ಎಂದು, ಅದೂ ಕತ್ತು ವಾಲಿಸಿದ್ದಕ್ಕೆ ಅನುಕರಣೆ ಮಾಡಿ ನಗುವ ನಮ್ಮ ಮುಂದೆ?

ನಾಲ್ಕು ದಿನ ಬಿಟ್ಟು ಒಂದು ಫೋನು ಬಂತು. ನಾನು ಕಚೇರಿಯಲ್ಲಿದ್ದೆ, ಎದುರಿಗೆ ಜನ ನಿಂತಿದ್ದರು.

"ಗುರುಗಳೇ, ಆ ಶಬ್ದ ಮತ್ತೆ ಬರೋ ಹಾಗೆ ಮಾಡೋದು ಹೇಗೆ?"

"ಬಿಡಿ ಸಾರ್ ಅದನ್ನ. ನಾಲ್ಕು ದಿನ ಅಭ್ಯಾಸ ಆಗ್ಲಿ. ಕಿಂಡೀಲಿ ನೋಡ್ತಾ ನೋಡ್ತಾ ತಿರುಗ್ಸಿ, ತಾನಾಗೇ ಗೊತ್ತಾಗುತ್ತೆ. ಕಣ್ಣು ಇರೋದ್ಯಾಕೆ?"

"ಹೌದಲ್ಲ ಗುರುಗಳೇ," ಎಂದರು. ನನ್ನನ್ನು ಹಾಗೆ ಕರೆದದ್ದು ಅದೇ ಕೊನೆ.

ಸುದ್ದಿ ತಿಳಿದ ಸಂಜೆಯೇ ಹೋದೆ. ಆಂಟಿ ಒಬ್ಬರೇ ಇದ್ದರು. ಅಳಲಿಲ್ಲ. ಬೀರುವಿನಿಂದ ಕ್ಯಾಮೆರಾದ ಪೆಟ್ಟಿಗೆ ತಂದು ನನ್ನ ಮುಂದಿಟ್ಟರು. "ಕೆಟ್ಟೋಗಿದೆಯಂತೆ. ನಿಮಗೇ ಕೊಡ್ಬೇಕು ಅಂತಿದ್ರು, ಆದ್ರೆ ಕೆಟ್ಟಿದೆ ಅಂತ ಹೇಳ್ಬೇಡ, ಗುರುಗಳು ಬೇಜಾರು ಮಾಡ್ಕೋತಾರೆ ಅಂತಿದ್ರು."

ಬ್ಯಾಟರಿ ಸತ್ತಿತ್ತು. ಚಾರ್ಜಿಗೆ ಹಾಕಿದೆವು. ಅದು ಸ್ವಲ್ಪ ತುಂಬುವ ತನಕ, ಕಾಫಿ ಆರುತ್ತಿರುವಾಗ, ಆಂಟಿ ಎಲ್ಲವನ್ನೂ ಹೇಳಿದರು. ಕಣ್ಣಿನ ಡಾಕ್ಟರು ಒಂದು ವರ್ಷ ಸಿಕ್ಕರೆ ಹೆಚ್ಚು ಎಂದದ್ದು. ಯಾರಿಗೂ ಹೇಳಕೂಡದು ಎಂದು ಗಂಡ ಇವರ ಕೈ ಹಿಡಿದು ಮಾತು ತೆಗೆದುಕೊಂಡದ್ದು. ಕ್ಯಾಮೆರಾ ಬಂದ ಮೇಲೆ ದಿನಾ ಬೆಳಗ್ಗೆ ಹತ್ತು ಗಂಟೆಗೆ, ಬೆಳಕು ಕುರ್ಚಿಗೆ ಬೀಳುವ ಹೊತ್ತಿಗೆ, ಇವರನ್ನು ಕೂರಿಸುತ್ತಿದ್ದದ್ದು.

"ಒಂದೊಂದು ದಿನ ಒಂದು ಗಂಟೆ ಕೂತಿರ್ತಿದ್ದೆ. ರಿಂಗು ತಿರುಗಿಸೋರು, ನಿಲ್ಲೋರು, ಕಿವಿ ಕೊಡೋರು. ಅದ್ಯಾವುದೋ ಶಬ್ದ ಬರ್ಬೇಕಿತ್ತಂತಲ್ಲ? ನಿಮಗೆ ಇನ್ನೊಂದ್ಸಲ ಫೋನ್ ಮಾಡಿ ಅಂದ್ರೆ, ಬೇಡ, ಗುರುಗಳು ತೆಗೆದಿದಾರೆ, ಅದು ನನ್ನಂಥೋನಿಗಲ್ವಂತೆ ಅಂದ್ರು. ನಂಗೆ ಆ ಇಂಗ್ಲಿಷು ಓದೋಕೆ ಬರಲ್ಲ. ಆ ಪುಟ್ಟ ಪರದೇಲಿ ತೋರ್ಸಿದ್ರೆ ನಂಗೆ ಎಲ್ಲಾ ಒಂದೇ ಥರ ಕಾಣೋದು. ಒಂದು ಚೆನ್ನಾಗಿ ಬಂದಿದ್ದು ಖಾತ್ರಿಯಾದ್ರೆ ಗುರುಗಳಿಗೆ ತೋರಿಸೋಣ, ಅಲ್ಲಿವರೆಗೂ ಬೇಡ ಅಂತಿದ್ರು. ಶಿವರಾತ್ರಿ ಹೊತ್ತಿಗೆ ಅದು ಫೋಟೋ ತೆಗೆದಾಗ ಟಕ್ ಅನ್ನೋದೂ ನಿಲ್ತು. ಆಮೇಲೂ ಸ್ವಲ್ಪ ದಿನ ಹಿಡ್ಕೊಂಡು ಕೂತ್ರು. ಹಾಗೇ ಎತ್ತಿಟ್ರು."

ಕ್ಯಾಮೆರಾ ಆನ್ ಮಾಡಿದೆ. ಕೆಟ್ಟಿರಲಿಲ್ಲ. ಫೋಟೋಗಳು ಸೇರುವ ಮೆಮೊರಿ ಕಾರ್ಡು ತುಂಬಿತ್ತು, ಅಷ್ಟೇ. ತುಂಬಿದೆ ಎಂದು ಪರದೆಯ ಮೇಲೆ ಅಕ್ಷರದಲ್ಲಿ ಬರೆದಿತ್ತು. ಅದನ್ನು ಓದುವವರು ಆ ಮನೆಯಲ್ಲಿ ಇರಲಿಲ್ಲ.

ನಾನೂರಕ್ಕೂ ಮೇಲಿನ ಚಿತ್ರಗಳು. ಎಲ್ಲವೂ ಅದೇ ಕುರ್ಚಿ, ಅದೇ ಕಿಟಕಿ, ಅದೇ ಆಂಟಿ. ಒಂದರಲ್ಲೂ ಚೌಕಟ್ಟು ಅಂಚು ತಪ್ಪಿರಲಿಲ್ಲ, ಅಂಚು ಅವರಿಗೆ ಕಾಣುತ್ತಿತ್ತಲ್ಲ. ಒಂದರಲ್ಲಿ ಹಿಂದಿನ ಕಿಟಕಿಯ ಸರಳು ಸ್ಪಷ್ಟ, ಮುಖ ಮಸುಕು. ಇನ್ನೊಂದರಲ್ಲಿ ಮಡಿಲಲ್ಲಿದ್ದ ಕೈಬಳೆ ಸ್ಪಷ್ಟ, ಮುಖ ಮಸುಕು. ಒಂದರಿಂದ ಇನ್ನೊಂದಕ್ಕೆ ರಿಂಗು ಎಳ್ಳಷ್ಟು ಎಳ್ಳಷ್ಟು ಸರಿದಿತ್ತು. ಕತ್ತಲ ಕೋಣೆಯಲ್ಲಿ ಗೋಡೆ ತಡವುತ್ತಾ ಸ್ವಿಚ್ಚು ಹುಡುಕುವ ಕೈಯ ಹಾಗೆ ಆ ನಾನೂರು ಚಿತ್ರಗಳು ತಡವರಿಸುತ್ತಾ ಹೋಗಿದ್ದವು. ಹಿಂದಕ್ಕೆ, ಹಿಂದಕ್ಕೆ ಒತ್ತುತ್ತಾ ಮೊದಲಿನ ಚಿತ್ರಗಳಿಗೆ ಬಂದೆ.

ಇಪ್ಪತ್ತಮೂರನೆಯ ಚಿತ್ರದಲ್ಲಿ ಬೆರಳು ನಿಂತಿತು.

ದೊಡ್ಡದು ಮಾಡಿ ನೋಡಿದೆ. ಇನ್ನೂ ದೊಡ್ಡದು ಮಾಡಿದೆ. ಹುಬ್ಬಿನ ಒಂದೊಂದು ಕೂದಲೂ ಇತ್ತು. ಮೂಗುತಿಯ ಹರಳಿನಲ್ಲಿ ಕಿಟಕಿ ಕಾಣುತ್ತಿತ್ತು. ಕಣ್ಣಿನ ಕೆಳಗಿನ ಸುಕ್ಕು, ಹಣೆಯ ವಿಭೂತಿಯ ಪುಡಿ, ತುಟಿಯ ತುದಿಯಲ್ಲಿ ನಗು ತಡೆದುಕೊಂಡ ಗುರುತು. ಅಷ್ಟು ಒಳ್ಳೆಯ ಫೋಟೋ ನಮ್ಮ ಕ್ಲಬ್ಬಿನ ಗೋಡೆಯ ಮೇಲೆ ಯಾವತ್ತೂ ಏರಿರಲಿಲ್ಲ. ಬಾಗಿಲಷ್ಟು ದೊಡ್ಡದು ಮಾಡಿಸಬಹುದಿತ್ತು.

ದಿನಾಂಕ ನೋಡಿದೆ. ಕ್ಯಾಮೆರಾ ಬಂದ ಎರಡನೆಯ ದಿನ. ನನಗೆ ಫೋನು ಮಾಡುವುದಕ್ಕೆ ಎರಡು ದಿನ ಮುಂಚೆ. ಆಗ ಆ ಬೂದು ಮಚ್ಚೆ ಇನ್ನೂ ಪೂರ್ತಿ ಮುಚ್ಚಿಕೊಂಡಿರಲಿಲ್ಲ, ದೊಡ್ಡದು ಮಾಡಿಸಿದ್ದರೆ ಅವರಿಗೆ ಕಾಣುತ್ತಿತ್ತು.

ಆಂಟಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ತಮ್ಮನ್ನು ತಾವು ನೋಡಿದ ಹಾಗಿರಲಿಲ್ಲ, ಯಾರೋ ಊರಿನವರನ್ನು ಗುರುತು ಹಿಡಿಯುವ ಹಾಗಿತ್ತು.

"ಇದು ಯಾವತ್ತಿಂದು?"

"ಎರಡನೇ ದಿನದ್ದು ಆಂಟಿ."

"ಅವತ್ತೇ ಸಿಕ್ಕಿತ್ತಾ ಹಾಗಾದ್ರೆ?"

ಹೌದು ಎಂದು ತಲೆಯಾಡಿಸಿದೆ. ನನ್ನ ತಪ್ಪು ಆಂಟಿ, ಕೇಳದೆ ಸದ್ದು ತೆಗೆದವನು ನಾನು, ಕಣ್ಣು ಇರೋದ್ಯಾಕೆ ಎಂದವನು ನಾನು ಎಂದು ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ಅತ್ತೆ. ಅವರು ಸಮಾಧಾನವನ್ನೂ ಮಾಡಲಿಲ್ಲ, ಬೈಯಲೂ ಇಲ್ಲ. ಬೋಳು ಗೋಡೆಯ ಮೊಳೆಯ ಕಡೆ ನೋಡುತ್ತಿದ್ದರು. ನನ್ನ ಅಳು ನಿಂತ ಮೇಲೆ ಕೇಳಿದರು:

"ಆ ಶಬ್ದ ಅಂದ್ರಲ್ಲ. ನಾನೂ ಒಂದ್ಸಲ ಕೇಳ್ಬಹುದಾ?"

ಮೆನು ತೆಗೆದು ನಾಲ್ಕು ಗುಂಡಿ ಒತ್ತಿದೆ. ನಾಲ್ಕೇ. ಕಾರ್ಡು ತುಂಬಿದ್ದರಿಂದ ಫೋಟೋ ಬರುವುದಿಲ್ಲ, ಸದ್ದು ಮಾತ್ರ ಬರುತ್ತದೆ ಎಂದು ಹೇಳಿದೆ. ಅವರು ಎದ್ದು ಹೋಗಿ ಕಿಟಕಿಯ ಪಕ್ಕದ ಆ ಕುರ್ಚಿಯಲ್ಲಿ ಕೂತರು. ಸೆರಗು ಸರಿಮಾಡಿಕೊಂಡು, ಕೈಗಳನ್ನು ಮಡಿಲಲ್ಲಿಟ್ಟು, ಅಲುಗದೆ ಕೂತರು. ಹಾಗೆ ಕೂರುವುದು ಅವರಿಗೆ ಚೆನ್ನಾಗಿ ರೂಢಿಯಾಗಿತ್ತು. ನಾನು ಕಿಂಡಿಗೆ ಕಣ್ಣಿಟ್ಟು ಆ ಹಳೆಯ ಲೆನ್ಸಿನ ರಿಂಗನ್ನು ಮೆಲ್ಲಗೆ ತಿರುಗಿಸಿದೆ.

ಪೀಪ್.

ಆಂಟಿ ಇನ್ನೂ ಏನೋ ಬರಲಿದೆ ಎನ್ನುವ ಹಾಗೆ ಸ್ವಲ್ಪ ಹೊತ್ತು ಕಾದರು.

"ಇಷ್ಟೇನಾ?" ಎಂದರು.